ಬ್ರೆಡ್ಡಮ್ಮನ ನಿದ್ದೆ ಮತ್ತು ಹಾಲುಗಾಜಿನ ಕಿಟಕಿ

ರಾತ್ರಿಪಾಳಿ ಮಾಡುವವರ ನಿದ್ದೆಯನ್ನು ಈ ಪ್ರಪಂಚದಲ್ಲಿ ಯಾರೂ ನಿದ್ದೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಡುರಾತ್ರಿ ಯಾರದಾದರೂ ಬಾಗಿಲು ಬಡಿದು ನೋಡಿ, ಬೀದಿಗೆ ಬೀದಿಯೇ ಎದ್ದು ಉಗಿಯುತ್ತದೆ. ಅದೇ ನಡುಹಗಲಲ್ಲಿ ಮಲಗಿದವಳ ಬಾಗಿಲು ಬಡಿದು, ಅವಳು ಕಣ್ಣುಜ್ಜಿಕೊಂಡು ಬಂದರೆ, ಬಡಿದವರೇ ಮೂಗಿನ ಮೇಲೆ ಬೆರಳಿಟ್ಟು "ಅಯ್ಯೋ, ಇಷ್ಟು ಹೊತ್ತಾದ್ರೂ ಮಲಗಿದ್ದೀರಾ?" ಅನ್ನುತ್ತಾರೆ. ಇದು ಯಾವ ನ್ಯಾಯ, ಹೇಳಿ ನೋಡೋಣ. ಬ್ರೆಡ್ಡಮ್ಮನ ಕಥೆ ಇಂಥ ನ್ಯಾಯದ್ದೇ.

ಬಸ್ ನಿಲ್ದಾಣದ ಹಿಂದಿನ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದುದರಿಂದ ಓಣಿಯವರು ಅವಳಿಗೆ ಬ್ರೆಡ್ಡಮ್ಮ ಅಂತ ಹೆಸರಿಟ್ಟಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ, ಗಂಡನ ಒಂದು ಸಂಬಳದಲ್ಲಿ ಮನೆ ತೂಗದೆ, ಅಲ್ಲಿ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದಳು. ಚೀಟಿಯಿಂದ ಪೊಟ್ಟಣಕ್ಕೆ, ಪೊಟ್ಟಣದಿಂದ ತಟ್ಟೆ ಒಲೆಗೆ ತಳ್ಳುವ ಕೆಲಸಕ್ಕೆ, ಅಲ್ಲಿಂದ ಬ್ರೆಡ್ಡು ಕೊಯ್ಯುವ ಯಂತ್ರಕ್ಕೆ ಬಂದಳು. ಆ ಯಂತ್ರದ ಮುಂದೆ ಎಲ್ಲರನ್ನೂ ನಿಲ್ಲಿಸುವುದಿಲ್ಲ. ಕೈ ನಡುಗದ, ಗಮನ ಅತ್ತಿತ್ತ ಹೋಗದ ಜನ ಬೇಕು. ಇಷ್ಟು ವರ್ಷದಲ್ಲಿ ಅವಳ ಕೈಯಲ್ಲಿ ಒಂದು ಬ್ರೆಡ್ಡೂ ಸೊಟ್ಟಗೆ ಹೋಗಿದ್ದಿಲ್ಲ. ಅಂದಹಾಗೆ, ಬ್ರೆಡ್ಡಮ್ಮ ಬ್ರೆಡ್ಡು ತಿನ್ನುತ್ತಿರಲಿಲ್ಲ. ಯಾರಾದರೂ ಕೊಟ್ಟರೆ "ಬೇಡಪ್ಪ, ಅದರ ಮುಖ ನೋಡಿ ನೋಡಿ ಸಾಕಾಗಿದೆ" ಅನ್ನುತ್ತಿದ್ದಳು.

ಒಲೆಯಿಂದ ಬಂದ ಬಿಸಿ ಬ್ರೆಡ್ಡನ್ನು ಹಾಗೇ ಕೊಯ್ದರೆ ಮುದ್ದೆಯಾಗುತ್ತದೆ. ಅದು ಆರಬೇಕು. ಆರುವ ಹೊತ್ತಿಗೆ ರಾತ್ರಿಯ ಕೊನೆ ಬಂದಿರುತ್ತದೆ, ಹೊರಗೆ ವ್ಯಾನುಗಳು ಸಾಲು ನಿಂತಿರುತ್ತವೆ. ಹೀಗಾಗಿ ಲೋಕಕ್ಕೆಲ್ಲ ನಿದ್ದೆ ಗಾಢವಾಗಿ ಬರುವ ಹೊತ್ತಿಗೇ ಅವಳು ಸಾಲು ಬ್ಲೇಡುಗಳ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಲ್ಲಬೇಕು. ಬ್ರೆಡ್ಡು ಸಿಕ್ಕಿಕೊಂಡರೆ ಮೊದಲು ಯಂತ್ರ ನಿಲ್ಲಿಸಿ, ಆಮೇಲೆ ಮರದ ಕೋಲಿನಿಂದ ತಳ್ಳಬೇಕು. ಕೈ ಹಾಕಬಾರದು ಅಂತ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿದೆ. ಆದ್ದರಿಂದ ಅವಳ ಹಗಲು ನಿದ್ದೆ ಸೋಮಾರಿತನವಲ್ಲ. ಅವಳ ಹತ್ತು ಬೆರಳು ಆ ನಿದ್ದೆಯ ಭರವಸೆಯಲ್ಲೇ ಇದ್ದವು.

ಇಷ್ಟು ಕಾಲ ಆ ನಿದ್ದೆಗೆ ಕುಂದು ಬಂದಿರಲಿಲ್ಲ. ಮಹಡಿಯ ಮೇಲಿನ ಮಲಗುವ ಕೋಣೆ, ಬೀದಿಯ ಕಡೆಗೆ ಗೋಡೆಯ ಅರ್ಧ ನುಂಗಿದ ಕಿಟಕಿ, ಅದಕ್ಕೊಂದು ತೆಳು ಹೂವಿನ ಪರದೆ. ಎದುರುಮನೆಯ ಮಾಡು ಹಳೇ ಹೆಂಚಿನದು, ಪಾಚಿಗಟ್ಟಿ ಕಪ್ಪಾಗಿತ್ತು. ಆ ಬೇಸಿಗೆಯಲ್ಲಿ ಎದುರುಮನೆಯವರು ಹೆಂಚು ತೆಗೆಸಿ ಹೊಸ ತಗಡು ಹೊದಿಸಿದರು. ಕನ್ನಡಿಯಂಥ ತಗಡು. ಬಿಸಿಲೇರಿತೋ ಇಲ್ಲವೋ, ಅದರ ಮೇಲೆ ಬಿದ್ದ ಬೆಳಕೆಲ್ಲ ನೆಗೆದು ಬಂದು ನೇರವಾಗಿ ಬ್ರೆಡ್ಡಮ್ಮನ ದಿಂಬಿನ ಮೇಲೆ ಕೂರುತ್ತಿತ್ತು. ಹೂವಿನ ಪರದೆ ಇದ್ದೂ ಇಲ್ಲದ ಹಾಗಾಯಿತು. ಅವಳು ಕಣ್ಣಿಗೆ ಟವೆಲ್ ಕಟ್ಟಿಕೊಂಡು ನೋಡಿದಳು, ಸೆಕೆಯಲ್ಲಿ ಮುಖ ಬೆವೆತು ತುರಿಸಿತು. ಅಡುಗೆಮನೆಯ ಮೂಲೆಯಲ್ಲಿ ಚಾಪೆ ಹಾಸಿದಳು, ಅತ್ತೆ ಪಾತ್ರೆ ಸದ್ದು ಮಾಡದೆ ಅಡುಗೆ ಮಾಡುವುದಾದರೂ ಹೇಗೆ. ಮೆಟ್ಟಿಲ ಕೆಳಗಿನ ಸಾಮಾನಿನ ಗೂಡಿನಲ್ಲಿ ಕಾಲು ಮಡಿಸಿಕೊಂಡು ಮಲಗಿದಳು. ತನ್ನ ಮನೆಯಲ್ಲೇ ಕಳ್ಳ ಬೆಕ್ಕಿನ ಹಾಗೆ ಜಾಗ ಹುಡುಕುವುದಾಯಿತು.

ಒಂದು ಸಂಜೆ ಗಂಡನಿಗೆ ಹೇಳಿದಳು. "ರೀ, ದಪ್ಪ ಬಟ್ಟೆ ತಂದು, ಒಳಗೆ ಅಸ್ತರು ಕೊಟ್ಟು ಒಂದು ಪರದೆ ಹೊಲಿಸಿಬಿಡೋಣ. ಕೋಣೆ ಕತ್ತಲಾದ್ರೆ ಸಾಕು, ನನಗಿನ್ನೇನೂ ಬೇಡ."

ಇಷ್ಟೇ ಕೇಳಿದ್ದು. ಅಂಗಡಿಗೆ ಹೋಗಿ ಬರುವಷ್ಟು ಕೆಲಸ. ಆದರೆ ಗಂಡನಿಗೆ ಸಣ್ಣ ಕೆಲಸ ಅಂದರೆ ಮೊದಲಿಂದ ಅಲರ್ಜಿ. ಅವನು ವಿಮಾ ಕಚೇರಿಯಲ್ಲಿ ಗುಮಾಸ್ತ. ಮನುಷ್ಯ ಕೆಟ್ಟವನಲ್ಲ, ಕುಡಿತವಿಲ್ಲ, ಕೈ ಎತ್ತುವ ಚಾಳಿಯಿಲ್ಲ. ಹೊಸ ಯಂತ್ರ ಕಂಡರೆ ಮಾತ್ರ ಅವನ ತಲೆ ನಿಲ್ಲುತ್ತಿರಲಿಲ್ಲ. ಆಗಷ್ಟೇ ಅವನ ಕಚೇರಿಯಲ್ಲಿ ಮ್ಯಾನೇಜರ್ ಕೋಣೆಗೆ ಹೊಸ ಥರದ ಗಾಜು ಹಾಕಿಸಿದ್ದರು. ಗುಂಡಿ ಒತ್ತಿದರೆ ಗಾಜು ಹಾಲಿನ ಹಾಗೆ ಬೆಳ್ಳಗಾಗಿ ಒಳಗಿರುವುದು ಮರೆಯಾಗುತ್ತಿತ್ತು, ಇನ್ನೊಮ್ಮೆ ಒತ್ತಿದರೆ ನೀರಿನ ಹಾಗೆ ತಿಳಿಯಾಗುತ್ತಿತ್ತು. ಅದನ್ನು ಕಂಡ ದಿನದಿಂದ ಇವನಿಗೆ ಕೂತಲ್ಲಿ ನಿಂತಲ್ಲಿ ಅದೇ ಧ್ಯಾನ.

"ಪರದೆನಾ? ಯಾವ ಕಾಲದಲ್ಲಿದ್ದೀಯ ನೀನು?" ಅಂದ. "ಪರದೆ ಅಂದ್ರೆ ಧೂಳು. ತಿಂಗಳಿಗೊಂದ್ಸಲ ಒಗೀಬೇಕು. ಮಾಡೋದಾದ್ರೆ ಸರಿಯಾಗಿ ಮಾಡೋಣ, ಸ್ಮಾರ್ಟ್ ಗಾಜು ಹಾಕ್ಸೋಣ."

ಆ ಮನೆಯಲ್ಲಿ ಧೂಳು ಹೊಡೆಯುತ್ತಿದ್ದವಳು ಯಾರು, ಪರದೆ ಒಗೆಯುತ್ತಿದ್ದವಳು ಯಾರು? ಒಗೆಯುವವಳಿಗೆ ಇಲ್ಲದ ಕಷ್ಟ ಇವನಿಗೆ ಬಂದುಬಿಟ್ಟಿತ್ತು. ಹಣವೋ, ಅವಳು ರಜೆಯ ದಿನ ಹೆಚ್ಚಿನ ಪಾಳಿ ಮಾಡಿ ಕೂಡಿಟ್ಟದ್ದು. ಅದನ್ನೂ "ನಮ್ಮ ಉಳಿತಾಯ ಇದೆಯಲ್ಲ" ಅಂದುಬಿಟ್ಟ.

ಗಾಜಿನ ಕಂಪನಿಯ ಟೈ ಕಟ್ಟಿದ ಯುವಕ ಮನೆಗೆ ಬಂದ. ಬಂದದ್ದು ಯಾವಾಗ ಅಂತೀರಿ? ಬೆಳಗಿನ ಹನ್ನೊಂದಕ್ಕೆ, ಅವಳಿಗೆ ಆಗಷ್ಟೇ ಜೊಂಪು ಹತ್ತಿದಾಗ. ಗಂಡ ಅರ್ಧ ದಿನ ರಜೆ ಹಾಕಿ ಕಾದಿದ್ದ. ಅವಳು ಎದ್ದು, ಹಾಸಿಗೆ ಸುತ್ತಿಟ್ಟು, ಗೋಡೆಗೆ ಒರಗಿ ನಿಂತಳು. ಟೈಯವನು ಚೀಲದಿಂದ ಅಂಗೈಯಗಲದ ಗಾಜಿನ ತುಂಡು ತೆಗೆದು ಬೆಳ್ಳಗೆ ಮಾಡಿದ, ತಿಳಿ ಮಾಡಿದ, ಮತ್ತೆ ಬೆಳ್ಳಗೆ ಮಾಡಿದ. ಅಂಗೈಯಲ್ಲಿ ಅರಮನೆ ತೋರಿಸುವುದು ಅಂದರೆ ಅದೇ. ಅತ್ತೆ ಕನ್ನಡಕ ಏರಿಸಿ ಬಗ್ಗಿ ನೋಡಿ, "ಇದಕ್ಕೆ ಹೆಪ್ಪು ಹಾಕಿದ್ರೆ ಬೆಳಗ್ಗೆ ಮೊಸರಾಗುತ್ತೇನಪ್ಪ?" ಅಂದರು. ಟೈಯವನು ನಗಲಿಲ್ಲ. ಅವನ ಮಾತೆಲ್ಲ ಗಂಡನ ಕಡೆಗೇ ಇತ್ತು. ಬಿಸಿಲಿನ ಝಳ ಕಡಿಮೆಯಾಗುತ್ತದೆ ಸರ್, ಒಗೆಯೋ ರಗಳೆ ಇಲ್ಲ ಸರ್, ಫೋನಿನಲ್ಲೇ ಎಲ್ಲ ಸರ್, ನೀವು ಕಚೇರಿಯಲ್ಲಿ ಕೂತೇ ಮನೆಯ ಕಿಟಕಿ ಬದಲಾಯಿಸಬಹುದು ಸರ್. ಗಂಡನ ಮುಖ ಅರಳಿ ಹೂವಾಯಿತು.

"ಇದು ಹಾಕಿದ್ರೆ ಕೋಣೆ ಕತ್ತಲಾಗುತ್ತಾ?" ಬ್ರೆಡ್ಡಮ್ಮ ಕೇಳಿದಳು.

"ಹೊರಗಿನವರಿಗೆ ಒಂಚೂರೂ ಕಾಣಲ್ಲ ಮೇಡಂ."

"ಅದಲ್ಲಪ್ಪ, ಬೆಳಕು ಒಳಗೆ ಬರುತ್ತಾ ಬರಲ್ವಾ?"

"ಪೂರ್ತಿ ಮರೆಯಾಗುತ್ತೆ ಮೇಡಂ. ನೂರಕ್ಕೆ ನೂರು."

"ಕೇಳಿಸ್ತಲ್ಲ, ಪೂರ್ತಿ ಅಂತೆ," ಅಂದ ಗಂಡ, ಮತ್ತು ಅಲ್ಲಿಗೆ ಮಾತು ಮುಗಿಸಿದ. ಅವಳು ಕೇಳಿದ್ದು ಒಂದು, ಟೈಯವನು ಹೇಳಿದ್ದು ಇನ್ನೊಂದು. ಬಾಯಿ ಬಿಟ್ಟು ಎರಡೆರಡು ಸಲ ಕೇಳಿದರೂ ಅವಳ ಪ್ರಶ್ನೆಯನ್ನು ಆ ಕೋಣೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊರಡುವಾಗ ಟೈಯವನು "ಮೇಡಂ ಏನು ಮಾಡ್ಕೊಂಡಿದ್ದಾರೆ ಸರ್?" ಅಂತ ಲೋಕಾಭಿರಾಮವಾಗಿ ಕೇಳಿದ. "ಏನೋ ಬ್ರೆಡ್ ಕಡೆ," ಅಂದ ಗಂಡ. ಏನೋ ಬ್ರೆಡ್ ಕಡೆ! ಆ 'ಏನೋ'ದಿಂದ ಮನೆಸಾಲದ ಕಂತು ಹೋಗುತ್ತಿತ್ತು, ಅತ್ತೆಯ ಔಷಧಿ ಬರುತ್ತಿತ್ತು.

ಗಾಜು ಇವತ್ತು ಬರುತ್ತದೆ ನಾಳೆ ಬರುತ್ತದೆ ಅಂತ ಟೈಯವನು ಮೂಗಿಗೆ ತುಪ್ಪ ಸವರುತ್ತಲೇ ಬೇಸಿಗೆ ಮುಕ್ಕಾಲು ಕಳೆಯಿತು. ಅಲ್ಲಿಯವರೆಗೆ ಒಂದು ಹಳೇ ಕಂಬಳಿಯನ್ನಾದರೂ ತೂಗುಹಾಕುತ್ತೇನೆ ಅಂದರೆ, "ಹೊಸ ಚೌಕಟ್ಟಿನ ಅಳತೆ ಕೊಟ್ಟಾಗಿದೆ, ಗೋಡೆ ತೂತು ಮಾಡ್ಬೇಡ" ಅಂತ ಗಂಡ ತಡೆದ. ಕಾರ್ಖಾನೆಯಲ್ಲಿ ಅವಳು ನಿಂತಲ್ಲೇ ತೂಕಡಿಸತೊಡಗಿದಳು. ಪಾಳಿಯ ಮೇಸ್ತ್ರಿ ಎರಡು ಸಲ ಭುಜ ತಟ್ಟಿ ಎಬ್ಬಿಸಿದ. ಎಂದೂ ಯಾರ ಕೈಯಲ್ಲೂ ಹೇಳಿಸಿಕೊಳ್ಳದವಳು, ನಾಚಿಕೆಯಿಂದ ಕುಗ್ಗಿಹೋದಳು.

ಕಡೆಗೂ ಗಾಜು ಬಂತು. ಅದನ್ನು ಕೂರಿಸುವವರು ಹಗಲೆಲ್ಲ ಗೋಡೆ ಕೊರೆದರು, ಆ ಹಗಲುಗಳ ನಿದ್ದೆಯೂ ಗಾಳಿಗೆ ಹೋಯಿತು. ಇರಲಿ, ಇನ್ನು ಮುಂದೆ ಸುಖ ಅಂದುಕೊಂಡು ಮಾರನೆಯ ಬೆಳಗ್ಗೆ ಪಾಳಿ ಮುಗಿಸಿ ಬಂದ ಬ್ರೆಡ್ಡಮ್ಮ, ಮುಖ ತೊಳೆದು, ಗಂಡನ ಫೋನಿನಿಂದ ಗಾಜನ್ನು ಹಾಲು ಮಾಡಿಸಿ ಮಲಗಿದಳು. ಬಿಸಿಲೇರಿತು. ಎದುರಿನ ತಗಡು ಬೆಳಗಿತು. ಆ ಬೆಳಕು ಹಾಲುಗಾಜಿಗೆ ಬಡಿದು, ಇಡೀ ಕಿಟಕಿಯೇ ಗೋಡೆಯಗಲದ ಟ್ಯೂಬ್‌ಲೈಟ್ ಆಗಿಬಿಟ್ಟಿತು. ಮೊದಲು ಬೆಳಕು ದಿಂಬಿನ ಮೇಲಷ್ಟೇ ಬೀಳುತ್ತಿತ್ತು, ಮಗ್ಗುಲಾದರೆ ತಪ್ಪುತ್ತಿತ್ತು. ಈಗ ಮೂಲೆ ಮೂಲೆಗೂ ಹರಡಿತು. ಮಂಚದ ಕೆಳಗೆ ಬಿದ್ದ ಹೇರ್‌ಪಿನ್ನೂ ಕಾಣುವಷ್ಟು ಬೆಳಕು.

ಗಂಡ ಆಗಷ್ಟೇ ಬೀದಿಗಿಳಿದು, ತಲೆಯೆತ್ತಿ ಕಿಟಕಿ ನೋಡಿ, ಖುಷಿಯಿಂದ ಮೆಟ್ಟಿಲು ಹತ್ತಿ ಬಂದ. "ಹೊರಗಿಂದ ನೋಡ್ದೆ ಕಣೇ, ಏನಂದ್ರೆ ಏನೂ ಕಾಣಲ್ಲ."

"ನಾನು ಒಳಗಿದ್ದೀನಿ ರೀ," ಅಂದಳು ಬ್ರೆಡ್ಡಮ್ಮ.

ಅವನಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದ ಮೇಲೂ, "ಅಭ್ಯಾಸ ಆಗುತ್ತೆ, ಎರಡು ದಿನ ನೋಡು" ಅಂದ. ಹಾಗಾದರೆ ಇದರ ಮೇಲೇ ಒಂದು ಪರದೆ ಹಾಕುತ್ತೇನೆ ಅಂದಳು. "ಇಂಥ ಗಾಜಿನ ಮೇಲೆ ಬಟ್ಟೆ ನೇತಾಕಿದ್ರೆ ನೋಡಿದವರು ನಗ್ತಾರೆ" ಅಂದ. ಅತ್ತೆಯೂ ಆಗ ಮಗನ ಪರವೇ. ಓಣಿಯವರ ಮುಂದೆ ಅವರು ಆಗಲೇ ಗಾಜಿನ ಬಗ್ಗೆ ಸಾಕಷ್ಟು ಜಂಬ ಕೊಚ್ಚಿಕೊಂಡಿದ್ದರು, ಈಗ ಹಿಂದೆ ಸರಿಯುವುದು ಹೇಗೆ. ನಗುವವರು ಯಾರು, ಅವರ ಹಲ್ಲಿಗೆ ಹೆದರಿ ಇವಳೇಕೆ ಕಣ್ಣು ಬಿಟ್ಟುಕೊಂಡು ಬಿದ್ದಿರಬೇಕು ಅಂತ ಆ ಮನೆಯಲ್ಲಿ ಕೇಳುವವರಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೂ ಹಾಳಾಗಿ ಹೋಗಲಿ ಅನ್ನಬಹುದಿತ್ತು.

ಒಂದು ಮಧ್ಯಾಹ್ನ, ಸಾಕಾಗಿ ಸುಣ್ಣವಾಗಿದ್ದ ಬ್ರೆಡ್ಡಮ್ಮನಿಗೆ ಕಣ್ಣಿಗೆ ಕಟ್ಟಿದ ಟವೆಲಿನೊಳಗೇ ಹೇಗೋ ನಿದ್ದೆ ಹತ್ತಿತ್ತು. ಸೆಕೆಗೆ ಹೊದಿಕೆ ಒದ್ದಿದ್ದಳು, ಹಳೇ ನೈಟಿ ಮೊಣಕಾಲ ಮೇಲೇರಿತ್ತು. ಹೊರಗೆ ಕಿಸಿಕಿಸಿ ನಗು ಕೇಳಿಸಿತು. ಎದುರುಮನೆಯ ಟೀಚರಮ್ಮ ಕೂಗುತ್ತಿದ್ದರು, "ರೀ ಬ್ರೆಡ್ಡಮ್ಮ, ಕಿಟಕಿ ನೋಡ್ಕೊಳ್ರೀ." ಟವೆಲ್ ಸರಿಸಿದರೆ ಗಾಜು ನೀರಿನಷ್ಟು ತಿಳಿಯಾಗಿದೆ. ಕೆಳಗೆ ನಿಂತ ಗ್ಯಾಸ್ ಸಿಲಿಂಡರ್ ಗಾಡಿಯ ಮೇಲಿನ ಇಬ್ಬರು ಗಂಡಸರು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದಾರೆ. ಅವಳು ಗಡಬಡಿಸಿ ಹೊದಿಕೆ ಎಳೆದುಕೊಂಡಳು. ಗಾಜು ಬೆಳ್ಳಗಾಯಿತು. ಉಸಿರು ಬಿಡುವಷ್ಟರಲ್ಲಿ ಮತ್ತೆ ತಿಳಿಯಾಯಿತು. ಬೆಳ್ಳಗೆ, ತಿಳಿ, ಬೆಳ್ಳಗೆ. ಯಂತ್ರ ಕೆಟ್ಟಿತು ಅಂದುಕೊಂಡು, ಗೋಡೆಯ ಮರೆಗೆ ಕುಕ್ಕರಿಸಿ ಕೂತು ಗಂಡನಿಗೆ ಫೋನ್ ಮಾಡಿದಳು. ಆ ಕಡೆ ನಾಲ್ಕಾರು ಜನರ ನಗು.

"ಹಾ ಹೇಳು, ಬದಲಾಯ್ತಾ?" ಅಂದ ಗಂಡ. "ಇಲ್ಲಿ ಎಲ್ಲರಿಗೂ ತೋರಿಸ್ತಿದ್ದೆ. ಇಲ್ಲಿಂದ ಒತ್ತಿದ್ರೆ ಅಲ್ಲಿ ಆಗುತ್ತೆ ಅಂದ್ರೆ ಇವರು ನಂಬ್ತಾನೇ ಇಲ್ಲ. ಆಗ್ತಿದೆ ತಾನೇ?"

"ಆಗ್ತಿದೆ. ಬೀದಿಯವರೆಲ್ಲ ನೋಡಿದ್ರು."

"ಓ, ನೀನು ಮಲಗಿದ್ಯಾ?"

ಹನ್ನೆರಡು ವರ್ಷ ಒಂದೇ ಸೂರಿನಡಿ ಬಾಳಿದವನು ಕೇಳಿದ ಪ್ರಶ್ನೆ ಇದು. ರಾತ್ರಿಯೆಲ್ಲ ನಿಂತು ಬಂದವಳು ಹಗಲಲ್ಲಿ ಇನ್ನೇನು ಮಾಡುತ್ತಿರುತ್ತಾಳೆ, ಕುಂಟೆಬಿಲ್ಲೆ ಆಡುತ್ತಿರುತ್ತಾಳೆಯೇ? ಬ್ರೆಡ್ಡಮ್ಮನ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದ ಮಾತು ನಾಲಿಗೆಯ ತುದಿಯಲ್ಲೇ ನಿಂತಿತು, ಯಾಕೆಂದರೆ ಆ ಕಡೆ ಪರರ ನಗು ಇನ್ನೂ ಕೇಳಿಸುತ್ತಿತ್ತು. ಫೋನ್ ಇಟ್ಟಳು. ಇನ್ನೆಲ್ಲಿಯ ನಿದ್ದೆ, ಗೋಡೆಗೆ ಬೆನ್ನು ಕೊಟ್ಟು ಸಂಜೆಯವರೆಗೆ ಹಾಗೇ ಕೂತಳು. ಆಮೇಲೆ ಎದ್ದು ಪಾಳಿಗೆ ಹೋದಳು.

ಆ ಪಾಳಿಯ ಕೊನೆಯಲ್ಲಿ, ವ್ಯಾನುಗಳು ಹೊರಡಲು ಅವಸರ ಮಾಡುತ್ತಿದ್ದಾಗ, ಒಂದು ಬ್ರೆಡ್ಡು ಸಿಕ್ಕಿಕೊಂಡಿತು. ಮರದ ಕೋಲು ಪಕ್ಕದಲ್ಲೇ ನೇತಾಡುತ್ತಿತ್ತು. ಬ್ರೆಡ್ಡಮ್ಮ ಯಂತ್ರ ನಿಲ್ಲಿಸಲಿಲ್ಲ, ಕೋಲು ತೆಗೆದುಕೊಳ್ಳಲಿಲ್ಲ, ಸಿಕ್ಕಿದ ಬ್ರೆಡ್ಡನ್ನು ಎಡಗೈಯಿಂದ ತಳ್ಳಿದಳು. ತೆರೆದ ಕಣ್ಣಲ್ಲೇ ನಿದ್ದೆಯಿತ್ತು. ಮೇಸ್ತ್ರಿ ಓಡಿಬಂದು ಕೆಂಪು ಗುಂಡಿ ಗುದ್ದಿದ. ಗ್ಲೌಸಿನ ಜೊತೆಗೆ ತೋರುಬೆರಳಿನ ತುದಿಯೂ ಉಗುರೂ ಹೋಗಿದ್ದವು.

ಕಾರ್ಖಾನೆಯ ನರ್ಸ್ ಹೊಲಿಗೆ ಹಾಕಿ ಪಟ್ಟಿ ಸುತ್ತುವಾಗ ಮೇಸ್ತ್ರಿ ಎದುರಿಗೇ ನಿಂತಿದ್ದ. "ನೋಡಮ್ಮ, ಇವತ್ತು ತುದಿ ಹೋಯ್ತು. ಇನ್ನೊಂದು ದಿನ ನಾನು ಓಡಿ ಬರೋ ಹೊತ್ತಿಗೆ ಕೈಯೇ ಇರಲ್ಲ. ಗಾಯ ಮಾಯೋವರೆಗೆ ರಜೆ ತಗೋ. ಚೆನ್ನಾಗಿ ನಿದ್ದೆ ಮಾಡ್ಕೊಂಡು ಬಂದ್ರೆ ಯಂತ್ರ ನಿಂದೇ. ಹೀಗೇ ಬಂದ್ರೆ ಚೀಟಿ ಅಂಟಿಸೋ ಕಡೆಗೆ ಕಳಿಸ್ತೀನಿ, ಬೇಜಾರು ಮಾಡ್ಕೋಬೇಡ." ಅವಳು ತಲೆಯಾಡಿಸಿದಳು. ಅವನ ಮಾತಿನಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ.

ಮನೆಗೆ ಬಂದಾಗ ಗಂಡ ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದ. "ಬಂದ್ಯಾ? ಮಧ್ಯಾಹ್ನ ಮ್ಯಾನೇಜರ್ ಬರ್ತಿದ್ದಾರೆ, ನಮ್ಮ ಗಾಜು ನೋಡೋಕೆ. ಅವರ ಕೋಣೆಯದಕ್ಕಿಂತ ನಮ್ದು ದೊಡ್ಡದು ಅಂದಿದ್ದೀನಿ. ಕೋಣೆ ಸ್ವಲ್ಪ ಚೊಕ್ಕಟ ಮಾಡಿಡು." ಬ್ರೆಡ್ಡಮ್ಮ ಕುರ್ಚಿಯಲ್ಲಿ ಕೂತು, ಬಿಳಿ ಪಟ್ಟಿ ಸುತ್ತಿದ ಕೈಯನ್ನು ಮೇಜಿನ ಮೇಲೆ, ಅವನ ಚಹಾದ ಲೋಟದ ಪಕ್ಕದಲ್ಲೇ ಇಟ್ಟಳು. ಕೇಳಲಿ ಅಂತ ಕಾದಳು. ಅವನು ಲೋಟ ಎತ್ತಿಕೊಂಡ, ಫೋನ್ ನೋಡುತ್ತಾ ಕುಡಿದ, ಲೋಟವನ್ನು ಅವಳ ಕೈಯ ಪಕ್ಕದಲ್ಲೇ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಲೋಟ ಎತ್ತಲು ಬಂದ ಅತ್ತೆ ನೋಡಿದರು. "ಏನಮ್ಮ ಇದು?"

"ಬ್ಲೇಡು ಅತ್ತೆ. ನಿದ್ದೆಗಣ್ಣಲ್ಲಿ ಕೈ ಕೊಟ್ಟುಬಿಟ್ಟೆ."

ಅತ್ತೆ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ಕೂತರು. ಆಮೇಲೆ ಎದ್ದು ಸೀರೆ ಸರಿಮಾಡಿಕೊಂಡು, "ನಡಿ, ಬಟ್ಟೆ ಅಂಗಡಿಗೆ ಹೋಗೋಣ" ಅಂದರು.

ಅಂಗಡಿಯವನು ಹೂವಿನದು, ಬಳ್ಳಿಯದು, ಮಿಂಚಿನದು ಅಂತ ರಾಶಿ ಹಾಕಿದ. "ಹೂವು ಬೇಡಪ್ಪ, ಕತ್ತಲೆ ಕೊಡು," ಅಂದಳು ಬ್ರೆಡ್ಡಮ್ಮ. ಒಂದೊಂದು ಬಟ್ಟೆಯನ್ನೂ ದೀಪದ ಎದುರು ಹಿಡಿದು, ಹಿಂದೆ ಕೈಯಿಟ್ಟು ನೋಡಿದಳು. ಕಡುನೀಲಿಯ ಒಂದು ದಪ್ಪ ಬಟ್ಟೆಯಲ್ಲಿ ಕೈಯ ನೆರಳೂ ಕಾಣಲಿಲ್ಲ. ಓಣಿಯ ತುದಿಯ ದರ್ಜಿ ಅವಳ ಪಟ್ಟಿ ನೋಡಿ, ಕೈಯಲ್ಲಿದ್ದ ಕೆಲಸ ಬದಿಗಿಟ್ಟು, ಕಪ್ಪು ಅಸ್ತರು ಕೊಟ್ಟು ಹೊಲಿದುಕೊಟ್ಟ. ಬಟ್ಟೆ, ಅಸ್ತರು, ಹೊಲಿಗೆ, ಸರಳು, ಮೊಳೆ ಎಲ್ಲ ಸೇರಿದರೂ ಗಾಜಿನ ಬೆಲೆಯ ಮುಂದೆ ಅದು ಚಿಲ್ಲರೆ. ಹೊತ್ತು ನೆತ್ತಿಗೇರುವ ಮುಂಚೆ ಪರದೆ ಕೈಗೆ ಬಂತು. ಒಂದು ಬೇಸಿಗೆಯಿಡೀ ಆಗದ ಕೆಲಸ.

ಗಂಡ ಮ್ಯಾನೇಜರನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದಾಗ ಬ್ರೆಡ್ಡಮ್ಮ ಸ್ಟೂಲಿನ ಮೇಲೆ ನಿಂತು ಹೊಸ ಚೌಕಟ್ಟಿಗೇ ಮೊಳೆ ಬಡಿಯುತ್ತಿದ್ದಳು. ಅತ್ತೆ ಸ್ಟೂಲನ್ನು ಗಟ್ಟಿಯಾಗಿ ಹಿಡಿದಿದ್ದರು.

"ಏಯ್, ಏನು ಮಾಡ್ತಿದ್ದೀಯ? ಚೌಕಟ್ಟಿಗೆ ಮೊಳೆ ಹೊಡೆದ್ರೆ ವಾರಂಟಿ ಹೋಗುತ್ತೆ," ಅಂತ ಗಂಡ ಬಾಗಿಲಲ್ಲೇ ಕೂಗಿದ.

ಅವಳು ತಿರುಗಿ ನೋಡಲಿಲ್ಲ. ಇನ್ನೊಂದು ಮೊಳೆ ಬಡಿದಳು. ಮ್ಯಾನೇಜರ್ ವಯಸ್ಸಾದ ಮನುಷ್ಯ. ಕಚೇರಿಯಲ್ಲಿ ಅಪಘಾತದ ಕಡತಗಳನ್ನೇ ನೋಡುತ್ತಾ ಬಂದವರು. ಅವರ ಕಣ್ಣು ಗಾಜಿನ ಕಡೆಗೆ ಹೋಗಲೇ ಇಲ್ಲ.

"ಅಮ್ಮ, ಬೆರಳಿಗೆ ಏನಾಯ್ತು?" ಅಂದರು.

ಬ್ರೆಡ್ಡಮ್ಮನ ಸುತ್ತಿಗೆ ನಿಂತಿತು. ಬೆಳಗಿನಿಂದ ಅವಳು ಈ ಒಂದು ಮಾತಿಗೆ ಕಾದಿದ್ದಳು, ಅದು ಯಾರ ಬಾಯಿಂದ ಬರಬೇಕಿತ್ತೋ ಅವರಿಂದ ಬರಲಿಲ್ಲ. ಕಣ್ಣಲ್ಲಿ ನೀರು ತುಂಬಿತು, ಆದರೆ ದನಿ ಗಟ್ಟಿಯಾಗಿತ್ತು.

"ಇವರನ್ನೇ ಕೇಳಿ ಸಾರ್. ಬೆಳಗ್ಗೆ ಇದರ ಪಕ್ಕದಲ್ಲೇ ಚಹಾ ಕುಡಿದು ಹೋದ್ರು."

ಮ್ಯಾನೇಜರ್ ಗುಮಾಸ್ತನ ಕಡೆ ತಿರುಗಿದರು. ಗಂಡ ಹೆಂಡತಿಯ ಕೈ ನೋಡಿದ. ಆ ಪಟ್ಟಿಯನ್ನು ಅವನು ನೋಡಿದ್ದು ಆಗಲೇ. ಅವನ ಕೈಯಲ್ಲಿ ಗಾಜು ಬದಲಾಯಿಸಲೆಂದು ತೆರೆದಿಟ್ಟ ಫೋನ್ ಇತ್ತು. ಅವನು ಅದನ್ನು ಮೆಲ್ಲಗೆ ಜೇಬಿಗಿಳಿಸಿದ.

ಬ್ರೆಡ್ಡಮ್ಮ ಸರಳನ್ನು ಮೊಳೆಗಳ ಮೇಲೆ ಕೂರಿಸಿ, ಸ್ಟೂಲಿನಿಂದ ಇಳಿದು, ನೀಲಿ ಪರದೆಯನ್ನು ಈ ತುದಿಯಿಂದ ಆ ತುದಿಗೆ ಎಳೆದಳು. ಕೋಣೆ ಕತ್ತಲಾಯಿತು. ಬಾಗಿಲಲ್ಲಿ ನಿಂತವರ ಮುಖ ಯಾವುದು ಯಾರದೆಂದು ತಿಳಿಯದಷ್ಟು ಕತ್ತಲು.

"ಎಲ್ಲರೂ ಹೊರಗೆ ಹೋಗಿ," ಅಂದಳು. "ನಾನು ಮಲಗ್ಬೇಕು."